ದಾಕಿನ ಗುರುತಿಲ್ಲದವನ ಎರಡು ಮಾತು

ಈ ಸಭೆಯ ಅಧ್ಯಕ್ಷರಾದ ಶ್ರೀ ಸಮ್ಮೇದ್ ಕುಮಾರರೇ, ಈಗಷ್ಟೇ ನಮಗೆಲ್ಲ ತಿಳಿಯುವ ಹಾಗೆ ಮಾತನಾಡಿ ಕುಳಿತ ಡಾಕ್ಟರ್ ಸುಪ್ರೀತಾ ಅವರೇ, ಯುವಕ ಮಂಡಲದ ಕಾರ್ಯದರ್ಶಿ ಧನರಾಜ್ ಅವರೇ, ಶಾಲು ಹೊದ್ದುಕೊಂಡು ಬೆವರುತ್ತಿರುವ ಹಿರಿಯರೇ, ಅಮ್ಮಂದಿರೇ, ಅಮ್ಮಂದಿರ ಮಡಿಲಲ್ಲಿ ಆಗಲೇ ನಿದ್ದೆ ಹೋದ ಪುಟಾಣಿಗಳೇ, ಮತ್ತು ಹಿಂದುಗಡೆ ಊಟದ ಪಾತ್ರೆಗಳ ಸದ್ದು ಕೇಳಿಯೂ ಏಳದೆ ಕುಳಿತಿರುವ ಸಹನಶೀಲ ಸಭಿಕರೇ,

ನನ್ನ ಮುಖ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಸ್ವರ ಗೊತ್ತಿರಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಕಡೆಗಳಲ್ಲಿ ಸಭೆ ಶುರುವಾಗುವ ಮೊದಲು "ಹಲೋ, ಹಲೋ, ಮೈಕ್ ಟೆಸ್ಟ್" ಎಂದು ಒಬ್ಬ ಹೇಳುತ್ತಾನಲ್ಲ, ಅವನೇ ನಾನು. ಹೆಸರು ಧರ್ಣಪ್ಪ. ಬೆಳ್ತಂಗಡಿಯಲ್ಲಿ ಮೈಕಿನ ಅಂಗಡಿ ಉಂಟು. ಕಂಬಳದ ದಿನ ಮಕ್ಕಳು ತಪ್ಪಿಹೋದರೆ ಹೆಸರು ಹಿಡಿದು ಕರೆಯುವವನೂ ನಾನೇ. ಇಂಥ ಬಣ್ಣದ ಅಂಗಿ ಹಾಕಿದ ಇಂಥ ಹೆಸರಿನ ಮಗು ಎಲ್ಲಿದ್ದರೂ ವೇದಿಕೆಯ ಬಳಿ ಬರಬೇಕು ಎಂದು ಹೇಳುತ್ತೇನೆ. ಯಾರಾದರೂ ಕೈಹಿಡಿದು ಕರೆತರುತ್ತಾರೆ. ನಾನು ಕರೆದ ಮಗು ಸಿಗದೆ ಹೋದದ್ದು ಇದುವರೆಗೆ ಇಲ್ಲ. ಈ ಒಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಉಂಟು.

ಇಷ್ಟು ವರ್ಷ ಎಷ್ಟೋ ಭಾಷಣ ಕೇಳಿದ್ದೇನೆ. ಎರಡೇ ಮಾತು ಎಂದು ಶುರು ಮಾಡಿದವರು ಎರಡು ಗಂಟೆ ಮಾತನಾಡಿದ್ದನ್ನು ಕಂಡಿದ್ದೇನೆ. ಆಗೆಲ್ಲ ವೈರಿನ ಪಕ್ಕದಲ್ಲಿ ಕುಳಿತು, ಈ ಮಹಾನುಭಾವರಿಗೆ ಮನೆಗೆ ಹೋಗಲು ಮನಸ್ಸಿಲ್ಲವೇ ಎಂದು ಯೋಚಿಸಿದ್ದೇನೆ. ಇವತ್ತು ನನಗೆ ಅದರ ಉತ್ತರ ಗೊತ್ತಾಗುತ್ತಿದೆ.

ನಾನು ಈ ವೇದಿಕೆಗೆ ಹತ್ತಿದ್ದು ಹೇಗೆ ಎಂದು ನೀವು ಕಂಡಿದ್ದೀರಿ. ಮಕ್ಕಳ ಲಸಿಕೆಯ ಬಗ್ಗೆ ಮಾಹಿತಿ ಕೊಡುವ ಸಭೆಯಲ್ಲಿ ಹಳೆಯ ಕಾಲದ ಸಿಡುಬಿನ ದಾಕು ಹಾಕಿಸಿಕೊಂಡ ಹಿರಿಯರನ್ನು ಸನ್ಮಾನಿಸುವ ಎಂದು ಧನರಾಜರು ಯೋಚಿಸಿದ್ದು ಒಳ್ಳೆಯ ಯೋಚನೆ. ಹಿರಿಯರೆಲ್ಲ ಅಂಗಿಯ ತೋಳು ಮಡಚಿ ಗುರುತು ತೋರಿಸಿದರು. ಒಬ್ಬರದು ಕಾಸಿನಷ್ಟಗಲ, ಒಬ್ಬರದು ಎರಡು, ಒಬ್ಬರದು ನಾಲ್ಕು. ಚಪ್ಪಾಳೆ ಬಿತ್ತು. ಆಮೇಲೆ ಡಾಕ್ಟರಮ್ಮ ತಮಾಷೆಗೆ ಕೇಳಿದರು, ಐವತ್ತು ದಾಟಿಯೂ ಗುರುತು ಇಲ್ಲದವರು ಯಾರಾದರೂ ಇದ್ದೀರಾ ಎಂದು. ಆಂಪ್ಲಿಫೈಯರಿನ ಹತ್ತಿರ ಕುಳಿತಿದ್ದ ನನ್ನ ಕೈ ಮೇಲಕ್ಕೆ ಹೋಯಿತು. ನಾನು ಎತ್ತಿದ್ದಲ್ಲ, ಅದಾಗಿಯೇ ಎದ್ದದ್ದು. ಹೇಗೆ ತಪ್ಪಿಸಿಕೊಂಡಿರಿ, ಬಂದು ಎರಡು ಮಾತು ಹೇಳಿ ಎಂದರು.

ಹೇಳುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಈಗ ಇಲ್ಲಿ ಇರಬೇಕಾದವನಲ್ಲ. ಬೆಳಿಗ್ಗೆಯೇ ಕಲ್ಲಡ್ಕಕ್ಕೆ ಹೋಗಬೇಕಿತ್ತು. ಅಲ್ಲಿ ನಮ್ಮ ಹಳೆಯ ಮನೆಯಲ್ಲಿ ನನ್ನ ಅಮ್ಮ ಇದ್ದಾಳೆ, ನನ್ನ ತಂಗಿ ಪ್ರೇಮಾವತಿಯ ಜೊತೆಯಲ್ಲಿ. ಅಮ್ಮ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆ. ತಂಗಿ ಅದನ್ನು ಮೊಬೈಲಿನಲ್ಲಿ ಹಿಡಿದು ನನಗೆ ಕಳಿಸಿದ್ದಾಳೆ. ಅಮ್ಮ ಕರೆದರೆ ಮಗ ಹೋಗಬೇಕು, ಇದರಲ್ಲಿ ಹೇಳುವಂಥದ್ದು ಏನುಂಟು ಎಂದು ನೀವು ಕೇಳಬಹುದು. ಉಂಟು, ಸ್ವಾಮಿ. ಆರು ವರ್ಷದವನಿದ್ದಾಗ ಕರೆದದ್ದು ಬಿಟ್ಟರೆ ನನ್ನ ಅಮ್ಮ ನನ್ನನ್ನು ಹೆಸರು ಹಿಡಿದು ಕರೆದದ್ದು ಈಗಲೇ. ನನಗೆ ಈಗ ಅರವತ್ತು ದಾಟಿದೆ.

ಇದಕ್ಕೂ ದಾಕಿಗೂ ಸಂಬಂಧ ಉಂಟು. ಹಾಗಾಗಿ ಡಾಕ್ಟರಮ್ಮ ಕೇಳಿದ ಪ್ರಶ್ನೆಗೆ ನಾನು ದಾರಿ ತಪ್ಪಿದ ಉತ್ತರ ಕೊಡುತ್ತಿದ್ದೇನೆ ಎಂದು ಭಾವಿಸಬೇಡಿ.

ನಮ್ಮ ಮನೆ ಕಲ್ಲಡ್ಕದಿಂದ ಒಳಗೆ, ಗದ್ದೆ ದಾಟಿ ಹೋಗಬೇಕು. ಆ ಬೇಸಿಗೆಯಲ್ಲಿ ಪಕ್ಕದ ಊರಿನಲ್ಲಿ ಯಾರಿಗೋ ಸಿಡುಬು ಎದ್ದಿದೆ ಎಂದು ಸುದ್ದಿ ಬಂತು. ನಮ್ಮ ಕಡೆ ಸಿಡುಬು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮಾರಿ ಎನ್ನುತ್ತಿದ್ದರು, ಅದನ್ನೂ ಸಣ್ಣ ಸ್ವರದಲ್ಲಿ. ಸುದ್ದಿಯ ಹಿಂದೆಯೇ ದಾಕು ಹಾಕುವ ಮಹಮ್ಮದ್ ಕುಂಞಿಯವರು ಬಂದರು. ಅವರ ಕೊಡೆಯ ತುದಿ ಗದ್ದೆಯ ಆಚೆ ಕಂಡರೆ ಸಾಕು, ಊರಿನ ಮಕ್ಕಳೆಲ್ಲ ಮಾಯ. ಕೆಲವರು ಹಲಸಿನ ಮರದ ಮೇಲೆ, ಕೆಲವರು ಬೈಹುಲ್ಲಿನ ಒಳಗೆ. ಅಮ್ಮಂದಿರೂ ಕಡಿಮೆಯವರಲ್ಲ. ಮಕ್ಕಳು ನೆಂಟರ ಮನೆಗೆ ಹೋಗಿದ್ದಾರೆ ಎನ್ನುತ್ತಿದ್ದರು, ಆಗಲೇ ಬೈಹುಲ್ಲು ಸೀನುತ್ತಿತ್ತು. ಕುಂಞಿಯವರು ನಗುತ್ತಿದ್ದರು. ಸಿಟ್ಟು ಮಾಡಿದ್ದನ್ನು ನಾನು ಕಂಡಿಲ್ಲ.

ಹೆದರಿಕೆಗೆ ಕಾರಣ ಇತ್ತು. ಇಲ್ಲಿ ಕುಳಿತ ಹಿರಿಯರಿಗೆ ನೆನಪಿರಬಹುದು. ಮೊದಲು ಇದ್ದದ್ದು ತಿರುಗಿಸುವ ದಾಕು. ಸಣ್ಣ ಬಿಲ್ಲೆಯಂಥದ್ದು, ಅಡಿಯಲ್ಲಿ ಮುಳ್ಳು ಮುಳ್ಳು. ತೋಳಿಗೆ ಮದ್ದಿನ ಹನಿ ಹಾಕಿ, ಅದರ ಮೇಲೆ ಬಿಲ್ಲೆ ಒತ್ತಿ ಗರ ಗರ ತಿರುಗಿಸುವುದು, ತೆಂಗಿನಕಾಯಿ ತುರಿದ ಹಾಗೆ. ಆಮೇಲೆ ಕವಲು ಸೂಜಿ ಬಂತು. ಎರಡು ಕವಲಿನ ನಡುವೆ ಒಂದು ಹನಿ ಮದ್ದು ನಿಲ್ಲುತ್ತದೆ, ಅದರಿಂದ ಒಂದೇ ಜಾಗದಲ್ಲಿ ಹತ್ತು ಹದಿನೈದು ಸಲ ಪಟಪಟ ಚುಚ್ಚುವುದು. ಮೊದಲಿನಷ್ಟು ನೋವಿಲ್ಲ. ನನ್ನ ತಂಗಿ ಪ್ರೇಮಾವತಿಗೆ ಹಾಕಿದ್ದು ಈ ಹೊಸ ಸೂಜಿಯಲ್ಲಿ. ಅವಳು ಆಗ ಕುಳಿತುಕೊಳ್ಳಲು ಕಲಿಯುತ್ತಿದ್ದ ಮಗು.

ಅಮ್ಮನಿಗೆ ಹಾಕಿದರು, ಅಪ್ಪನಿಗೆ ಹಾಕಿದರು, ಅಜ್ಜಿಗೂ ಹಾಕಿದರು. ನನ್ನ ಸರದಿ ಬಂತು. ನಾನು ಮರ ಹತ್ತಿದವನಲ್ಲ, ಧೈರ್ಯದಿಂದ ತೋಳು ಚಾಚಿದ್ದೆ. ಕುಂಞಿಯವರು ತೋಳು ಹಿಡಿದು ಮೊಣಕೈಯ ಮಡಿಕೆ ನೋಡಿದರು, ಮೊಣಕಾಲಿನ ಹಿಂದೆ ನೋಡಿದರು. ನನಗೆ ಹುಟ್ಟಿನಿಂದ ಇಸುಬು ಇತ್ತು. ತುರಿಸಿ ತುರಿಸಿ ಚರ್ಮ ಒಡೆದು ನೀರು ಒಸರುತ್ತಿತ್ತು. ಅವರು ಸೂಜಿ ಕೆಳಗಿಟ್ಟು ಅಜ್ಜಿಗೆ ಹೇಳಿದರು, "ಇವನಿಗೆ ಬೇಡ ಅಮ್ಮ. ಹಾಕಿದರೆ ಮೈಯೆಲ್ಲ ಏಳ್ತದೆ. ಮತ್ತೆ, ಹಾಕಿಸಿಕೊಂಡವರ ಮೈಗೆ ಇವನು ತಾಗುವುದು ಸಹ ಬೇಡ, ಹುಣ್ಣು ಒಣಗಿ ಹಕ್ಕಳೆ ಬೀಳುವವರೆಗೆ."

ಡಾಕ್ಟರಮ್ಮ ಈಗಷ್ಟೇ ಹೇಳಿದ್ದು ಇದನ್ನೇ ಅಲ್ಲವೇ? ಇಸುಬು ಇದ್ದ ಮಕ್ಕಳಿಗೆ ಆ ದಾಕು ಆಗುತ್ತಿರಲಿಲ್ಲ, ಮನೆಯಲ್ಲಿ ಬೇರೆಯವರು ಹಾಕಿಸಿಕೊಂಡರೂ ಅವರ ಹುಣ್ಣಿನಿಂದ ತಾಗಿ ಜೀವಕ್ಕೆ ಕುತ್ತು ಬರಬಹುದಿತ್ತು ಎಂದು. ಅದನ್ನು ಕೇಳುವಾಗ ನಾನು ಸ್ವರದ ಗುಂಡಿಯನ್ನು ಸ್ವಲ್ಪ ಜಾಸ್ತಿ ತಿರುಗಿಸಿದೆ. ನಿಮ್ಮ ಕಿವಿಗೆ ಕಿರ್ರೆಂದು ಬಡಿದದ್ದು ಆಗಲೇ. ಕ್ಷಮಿಸಿ.

ಮೂರು ವಾರ ದೂರ ಇರಬೇಕು. ಒಂದೇ ಕೋಣೆಯ ಮನೆಯಲ್ಲಿ ದೂರ ಎಂದರೆ ಎಲ್ಲಿ? ನನಗೆ ಜಗಲಿಯ ಕೊನೆಯಲ್ಲಿ ಚಾಪೆ ಹಾಕಿದರು. ತಂಗಿಯ ತೋಳು ಗುಳ್ಳೆ ಎದ್ದು ಕೀವು ತುಂಬಿತು, ಕಂಕುಳು ಬಾತಿತು, ಜ್ವರ ಬಂತು. ರಾತ್ರಿ ಹಗಲು ಅಳುತ್ತಿದ್ದಳು. ಅದು ಮದ್ದು ಹಿಡಿದದ್ದರ ಲಕ್ಷಣ, ಹೆದರಬೇಡಿ ಎಂದಿದ್ದರು ಕುಂಞಿಯವರು. ಅಮ್ಮ ಅವಳನ್ನು ಸೊಂಟದಿಂದ ಇಳಿಸಲಿಲ್ಲ. ನಾನು ಜಗಲಿಯ ಕೊನೆಯಿಂದ ನೋಡುತ್ತಿದ್ದೆ. ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಓಡಿಹೋಗಿ ಅಮ್ಮನ ಸೆರಗು ಹಿಡಿದೆ. ಅಮ್ಮ ಹಿಂದಕ್ಕೆ ಹಾರಿದಳು, ಹಾವು ಕಂಡವಳ ಹಾಗೆ. ನನ್ನ ಜೀವ ಉಳಿಸಲಿಕ್ಕೆ ಹಾರಿದ್ದು ಎಂದು ಇವತ್ತು ನಾನು ಅಚ್ಚುಕಟ್ಟಾಗಿ ಹೇಳಬಲ್ಲೆ. ಆರು ವರ್ಷದ ಹುಡುಗನಿಗೆ ಹಾಗೆ ಹೇಳಲಿಕ್ಕೆ ಬರುವುದಿಲ್ಲ.

ಆ ದಿನವೇ ಅಜ್ಜಿ ತೀರ್ಮಾನ ಮಾಡಿದಳು, ಇವನು ನೆರಿಯಕ್ಕೆ ಹೋಗಲಿ ಎಂದು. ನೆರಿಯ ಎಂದರೆ ಕಾಡಿನ ಅಂಚು. ಅಲ್ಲಿ ಸೇಸಮ್ಮ ದೊಡ್ಡಮ್ಮನ ಮನೆ. ಅಲ್ಲಿ ಮಾರಿಯೂ ಇಲ್ಲ, ದಾಕು ಹಾಕಿಸಿಕೊಂಡ ಮಕ್ಕಳೂ ಇಲ್ಲ. ದೊಡ್ಡಮ್ಮನಿಗೆ ಮಕ್ಕಳೇ ಇರಲಿಲ್ಲ. ಹೊರಡುವಾಗ ಅಂಗಳದಲ್ಲಿ ಅಜ್ಜಿ ಎಲ್ಲರೂ ಕೇಳುವ ಹಾಗೆ ಹೇಳಿದ ಮಾತು ನನಗೆ ಬಾಯಿಪಾಠ ಉಂಟು. "ಮಾರಿಗೆ ಕಿವಿ ಉಂಟು. ದೂರ ಮಾಡಿದ ಮಗುವನ್ನು ಹೆಸರು ಹಿಡಿದು ಕರೆದರೆ ಮಗುವಿಗಿಂತ ಮೊದಲು ಅದು ಓಗೊಡ್ತದೆ. ಮಳೆ ಹಿಡಿಯಲಿ, ನಾನೇ ಕರೀತೇನೆ. ಅಲ್ಲಿಯವರೆಗೆ ಯಾರೂ ಕರೆಯಬಾರದು. ನೀನು ಸಹ ಕರೆಯದೆ ಬರಬಾರದು."

ಇದು ನಮ್ಮ ಅಜ್ಜಿಯ ನಂಬಿಕೆ. ನಿಮ್ಮ ಮನೆಗಳಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಮಳೆ ಹಿಡಿಯಿತು. ನೆರಿಯದ ಮಳೆ ನಿಮಗೆ ಗೊತ್ತಲ್ಲ, ಮಾತು ಕೇಳುವುದಿಲ್ಲ. ನಾನು ದೊಡ್ಡಮ್ಮನ ಅಂಗಳದಲ್ಲಿ, ಮಳೆಗೆ ಹೊದ್ದುಕೊಳ್ಳುವ ಓಲೆಯ ಗೊರಬೆಯ ಒಳಗೆ ಕುಳಿತು ಕಿವಿ ಕೊಡುತ್ತಿದ್ದೆ. ಕಲ್ಲಡ್ಕದಿಂದ ಕರೆದರೆ ನೆರಿಯಕ್ಕೆ ಕೇಳುವುದಿಲ್ಲ ಎಂಬ ಬುದ್ಧಿ ಇರಲಿಲ್ಲ. ಮನೆಯಲ್ಲಿ ಗದ್ದೆಯ ಆಚೆ ಆಡುವಾಗ ಅಮ್ಮ ಅಂಗಳದಿಂದ ಕರೆಯುತ್ತಿದ್ದಳು, ನಾನು ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕುತ್ತಿದ್ದೆ. "ಓ" ಎನ್ನುವ ಮಗುವಲ್ಲ ನಾನು, ಕೂ ಹಾಕುವ ಮಗು. ಇಲ್ಲಿಯೂ ಹಾಗೆಯೇ ಎಂದುಕೊಂಡಿದ್ದೆ. ಮಳೆಯ ಸದ್ದು, ತೊರೆಯ ಸದ್ದು, ಜೀರುಂಡೆಯ ಸದ್ದು, ಇವುಗಳನ್ನು ಒಂದೊಂದಾಗಿ ಬದಿಗಿಟ್ಟು ಅದರ ಹಿಂದೆ ಏನುಂಟು ಎಂದು ಕೇಳಲು ಕಲಿತದ್ದು ಆಗ. ನಿಮ್ಮ ಧ್ವನಿವರ್ಧಕ ಚೆನ್ನಾಗಿದೆ ಧರ್ಣಪ್ಪಣ್ಣ ಎಂದು ಜನ ಹೊಗಳುತ್ತಾರಲ್ಲ, ಆ ವಿದ್ಯೆಯ ಗುರುಕುಲ ಅದೇ.

ಅಜ್ಜಿ ಕರೆಯಲಿಲ್ಲ. ಮೊದಲ ಮಳೆಗೇ ತೀರಿಕೊಂಡಿದ್ದಳು. ಸುದ್ದಿ ಹೊತ್ತು ಬಂದ ಅಪ್ಪ ಜಗಲಿಯಲ್ಲಿ ಕುಳಿತು ಚಹಾ ಕುಡಿದ, ನನ್ನ ಮೊಣಕೈ ನೋಡಿದ, ಹುಷಾರಾಗಿರು ಎಂದ. ಹೋಗುವಾಗ "ಬರ್ತೇನೆ" ಎಂದ. ಬಾ ಎನ್ನಲಿಲ್ಲ. ಕಳಿಸಿದವರೇ ಕರೆಯಬೇಕು, ಕಳಿಸಿದವಳೇ ಇಲ್ಲದ ಮೇಲೆ ಕರೆಯುವ ಅಧಿಕಾರ ಯಾರಿಗೆ? ಅಪ್ಪನಿಗೂ ಗೊತ್ತಿರಲಿಲ್ಲ. ನಾನೂ ಬರುತ್ತೇನೆ ಎನ್ನಲಿಲ್ಲ, ಕರೆಯದೆ ಬರಬಾರದು ಎಂದು ಹೇಳಿದ್ದರಲ್ಲ. ದೊಡ್ಡಮ್ಮ ನನ್ನನ್ನು ಬಹಳ ಪ್ರೀತಿಯಿಂದ ನೋಡಿಕೊಂಡಳು. ಶಾಲೆಗೆ ಸೇರಿಸಿದಳು. ಅವಳಾಗಿ ಕಳಿಸುವವಳಲ್ಲ, ಅವರಾಗಿ ಕರೆಯುವವರಲ್ಲ. ಹೀಗೆ ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು.

ಮತ್ತೆ ಮನೆಗೆ ಹೋಗಲೇ ಇಲ್ಲವೇ ಎಂದು ಕೇಳಿದರೆ, ಹೋಗಿದ್ದೇನೆ. ನೆಂಟನ ಹಾಗೆ. ಪ್ರೇಮಾವತಿಯ ಮದುವೆಗೆ ಹೋದೆ. ಮೈಕ್ ಕಟ್ಟಿದವನೇ ನಾನು. ಮದುಮಗಳ ಅಣ್ಣ ಚಪ್ಪರದ ಮೂಲೆಯಲ್ಲಿ ಕ್ಯಾಸೆಟ್ ತಿರುಗಿಸಿ ಹಾಕುತ್ತಿದ್ದ. ಅಮ್ಮ ತಾನೇ ಬಡಿಸಲು ಬಂದಳು. "ಪಾಯಸ ಹಾಕಲಾ?" ಎಂದು ಕೇಳಿದಳು. ಎಲ್ಲರನ್ನೂ ಹೆಸರು ಹಿಡಿದು ಕರೆದು ಬಡಿಸುತ್ತಿದ್ದ ಅಮ್ಮ ನನ್ನ ಎಲೆಯ ಮುಂದೆ ಹೆಸರಿಲ್ಲದೆ ನಿಂತಳು. ನಾನು ತಲೆ ಅಲ್ಲಾಡಿಸಿದೆ. ಪಾಯಸ ಬಿತ್ತು. ಸಂಜೆ ವೈರ್ ಸುತ್ತಿಕೊಂಡು ಲಾರಿ ಹತ್ತಿದೆ.

ನನ್ನ ಚರ್ಮ ಕಂಡರೆ ಅವಳಿಗೆ ಅಸಹ್ಯ ಎಂದು ನಾನು ತಿಳಿದುಕೊಂಡಿದ್ದೆ. ಇದನ್ನು ಯಾರ ಹತ್ತಿರವೂ ಹೇಳಿದವನಲ್ಲ, ಈಗ ಮೈಕಿನ ಎದುರು ಹೇಳುತ್ತಿದ್ದೇನೆ ನೋಡಿ. ಮದುವೆಯಾಗಲಿಲ್ಲ. ಊರಿನವರಿಗೆಲ್ಲ ಮದುವೆ ಮಾಡಿಸುವ ಗಡಿಬಿಡಿಯಲ್ಲಿ ಪುರುಸೊತ್ತಾಗಲಿಲ್ಲ ಎಂದು ತಮಾಷೆ ಮಾಡುತ್ತೇನೆ. ಜನ ನಗುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ. ಸುತ್ತಲೂ ದೊಡ್ಡ ದೊಡ್ಡ ಬಾಕ್ಸುಗಳು, ಒಂದರಲ್ಲೂ ಸದ್ದಿಲ್ಲ. ದೊಡ್ಡಮ್ಮ ಹೋದ ಮೇಲೆ ನನ್ನನ್ನು ಏಕವಚನದಲ್ಲಿ ಕರೆಯುವವರು ಇಲ್ಲ. ನನ್ನ ಜೊತೆ ದುಡಿಯುವ ಝಕರಿಯಾ ಸಹ "ಧರ್ಣಪ್ಪಣ್ಣ, ನೀವು" ಎನ್ನುತ್ತಾನೆ. ಒಳ್ಳೆಯವನು. ಆದರೆ ಯಾರಾದರೂ ಒಬ್ಬರು ಬೈಯುವವರು ಬೇಕು, ಅಲ್ಲವೇ?

ಕಳೆದ ತಿಂಗಳು ಪ್ರೇಮಾವತಿ ಫೋನ್ ಮಾಡಿದಳು. ಅಮ್ಮನಿಗೆ ಮರೆವು ಬಂದಿದೆ, ಗಂಜಿ ಕುಡಿದದ್ದು ನೆನಪಿಲ್ಲ, ನನ್ನನ್ನೇ ಕೆಲವೊಮ್ಮೆ ಯಾರು ಎಂದು ಕೇಳುತ್ತಾಳೆ ಎಂದಳು. ಮತ್ತೆ ಹೇಳಿದಳು, ಸಂಜೆಯಾದರೆ ಜಗಲಿಗೆ ಬಂದು ನಿನ್ನನ್ನು ಕರೆಯುತ್ತಾಳೆ ಎಂದು. ನಾನು ನಂಬಲಿಲ್ಲ. ನನ್ನ ಹೆಸರು ಅವಳ ಬಾಯಿಗೆ ಬರುವುದಿಲ್ಲ ಎಂದೆ. ಸ್ವಲ್ಪ ಕಹಿಯಾಗಿಯೇ ಹೇಳಿರಬೇಕು. ಪ್ರೇಮಾವತಿ ಆಚೆಯಿಂದ ಕೇಳಿದಳು, "ಅಣ್ಣ, ನಿನಗೆ ಗೊತ್ತಿಲ್ಲವಾ? ಅಮ್ಮ ಯಾಕೆ ಕರೆಯುವುದಿಲ್ಲ ಅಂತ ನಾನು ಸಣ್ಣದಿರುವಾಗಲೇ ಕೇಳಿದ್ದೆ. ಅವನ ಕೈಯಲ್ಲಿ ದಾಕಿನ ಗುರುತು ಇಲ್ಲ, ನಾನು ಕರೆದು ಅವನಿಗೆ ಏನಾದರೂ ಆದರೆ, ಅಂತ ಹೇಳಿದಳು. ನಿನಗೆ ಗೊತ್ತುಂಟು ಅಂತ ನಾನು ತಿಳಿದದ್ದು."

ಸಭಿಕರೇ, ನನಗೆ ಗೊತ್ತಿರಲಿಲ್ಲ.

ಸಿಡುಬು ಜಗತ್ತಿನಿಂದಲೇ ಹೋಯಿತು ಎಂದು ಡಾಕ್ಟರಮ್ಮ ಹೇಳಿದರು. ಹೌದು, ಹೋಗಿದೆ. ದೊಡ್ಡವರು ಸೇರಿ ಸಭೆ ಮಾಡಿ ಸಾರಿದರಂತೆ. ಆದರೆ ಅದನ್ನು ನಮ್ಮ ಅಮ್ಮನಿಗೆ ಯಾರು ಹೇಳಿದರು? ಯಾರೂ ಹೇಳಲಿಲ್ಲ. ಅವಳು ಬಾಯಿಮುಚ್ಚಿಕೊಂಡು ನನ್ನನ್ನು ಕಾದಳು. ಎಲೆಯ ಮುಂದೆ ಹೆಸರಿಲ್ಲದೆ ನಿಂತಳಲ್ಲ, ಅದು ಅಸಹ್ಯ ಅಲ್ಲ, ಕಾವಲು. ನಾನು ಅಲ್ಲಿ ತಲೆತಗ್ಗಿಸಿ ಪಾಯಸ ಉಂಡೆ. ಈಗ ಮರೆವು ಬಂದಿದೆ. ಎಲ್ಲವನ್ನೂ ಮರೆಯುತ್ತಿದ್ದಾಳೆ, ಮಾರಿಯ ಹೆದರಿಕೆಯನ್ನೂ ಮರೆತಿದ್ದಾಳೆ. ಹಾಗಾಗಿ ಕರೆಯುತ್ತಿದ್ದಾಳೆ.

ಇಲ್ಲಿ ಕುಳಿತ ಅಮ್ಮಂದಿರಿಗೆ ಒಂದು ಮಾತು. ಈ ಮೈಕಿನವನ ಕಥೆ ಕೇಳಿ ನಾಳೆ ಲಸಿಕೆಯ ಕೋಣೆಗೆ ಮಕ್ಕಳನ್ನು ತಾರದೆ ಇರಬೇಡಿ. ಆ ದಾಕಿನಿಂದ ಜ್ವರ ಬಂತು, ಹುಣ್ಣಾಯಿತು, ಕೆಲವು ಮಕ್ಕಳಿಗೆ ಅದಕ್ಕಿಂತ ಹೆಚ್ಚು ತೊಂದರೆಯೂ ಆಯಿತು, ಎಲ್ಲ ನಿಜ. ಹಾಗಿದ್ದೂ ನಮ್ಮ ಊರಿನಲ್ಲಿ ಇವತ್ತು ಮುಖದ ಮೇಲೆ ಸಿಡುಬಿನ ಕಲೆ ಇರುವ ಒಂದು ಮಗುವನ್ನು ತೋರಿಸಿ ನೋಡುವ. ಕುಂಞಿಯವರು ಚುಚ್ಚಿದ್ದರಿಂದ ನನ್ನ ತಂಗಿ ಉಳಿದಳು, ಚುಚ್ಚದೆ ಇದ್ದದ್ದರಿಂದ ನಾನು ಉಳಿದೆ. ಅವರು ಮಾಡಿದ್ದು ಸರಿ. ಅಮ್ಮ ಹಿಂದಕ್ಕೆ ಹಾರಿದ್ದೂ ಸರಿ. ಆದರೆ ಹಕ್ಕಳೆ ಬಿದ್ದ ಮೇಲೆ ಮಗುವನ್ನು ಕರೆಯಬೇಕು ಎಂದು ಯಾರಾದರೂ ಒಬ್ಬರು ನೆನಪು ಮಾಡಬೇಕಿತ್ತು. ಅದೊಂದು ಮಾತ್ರ ಉಳಿದುಹೋಯಿತು.

ಹಾಗಾದರೆ ಹೋಗಲು ತಡ ಯಾಕೆ ಎಂದು ಕೇಳುತ್ತಿದ್ದೀರಿ. ಅಧ್ಯಕ್ಷರು ಗಡಿಯಾರ ನೋಡಿದ್ದು ನನಗೂ ಕಂಡಿತು, ಮುಗಿಸುತ್ತೇನೆ.

ನನಗೆ ಹೆದರಿಕೆ. ಅಮ್ಮ ಕರೆಯುತ್ತಿರುವುದು ಆರು ವರ್ಷದ ಹುಡುಗನನ್ನು. ಈ ನೆರೆಗೂದಲಿನವನು ಹೋಗಿ ನಿಂತರೆ, ನೀವು ಯಾರು, ಯಾರ ಮನೆಯವರು ಎಂದು ಕೇಳಿದರೆ? ಇಷ್ಟು ವರ್ಷ ಕರೆಯದೆ ಇದ್ದದ್ದನ್ನು ತಡೆದುಕೊಂಡೆ. ಕರೆದ ಮೇಲೆ ನೀನಲ್ಲ ಎಂದರೆ ತಡೆಯಲಿಕ್ಕೆ ಆಗದು. ಪ್ರೇಮಾವತಿ ಮೊನ್ನೆ ಅಮ್ಮನ ಸಮಾಧಾನಕ್ಕೆ ತನ್ನ ಮೊಮ್ಮಗ ಮನ್ವಿತನಲ್ಲಿ "ಓ" ಎನ್ನಿಸಿದಳಂತೆ. ಅಮ್ಮ ಕಿವಿ ಕೊಟ್ಟು ಕೇಳಿ, ಇದು ಅವನಲ್ಲ, ಅವನು ಹೀಗೆ ಹೇಳುವುದಿಲ್ಲ ಎಂದಳಂತೆ.

ಬೆಳಿಗ್ಗೆ ಬಂದ ಧ್ವನಿಯನ್ನು ನಾನು ಲಾರಿಯಲ್ಲಿ ಕುಳಿತು ಕೇಳಿದೆ. "ಧರ್ಣಾ, ಬಲ ಮಗಾ" ಎಂದು ಕರೆಯುತ್ತಾಳೆ, ಬಾ ಮಗನೇ ಎಂದು, ನಮ್ಮ ತುಳುವಿನಲ್ಲಿ. ಅದನ್ನು ಈ ಬಾಕ್ಸಿಗೆ ಜೋಡಿಸಿ ನಿಮಗೆಲ್ಲ ಕೇಳಿಸಬಹುದು, ಒಂದು ವೈರಿನ ಕೆಲಸ. ಕೇಳಿಸುವುದಿಲ್ಲ, ಅದು ನನ್ನದು. ಕರೆದ ಮೇಲೆ ಅವಳು ಸುಮ್ಮನಾಗುತ್ತಾಳೆ. ಫೋನಿನಲ್ಲಿ ಒಂದಿಷ್ಟು ಹೊತ್ತು ಏನೂ ಇಲ್ಲ. ಬೇರೆಯವರಿಗೆ ಅದು ಖಾಲಿ. ನಾನು ಮೈಕಿನವನು, ನನಗೆ ಗೊತ್ತು, ಅವಳು ಕಿವಿ ಕೊಡುತ್ತಿದ್ದಾಳೆ. ನಾನು ನೆರಿಯದಲ್ಲಿ ಕೊಟ್ಟ ಹಾಗೆಯೇ.

ಕೈ ಎತ್ತಿದಾಗಿನಿಂದ ನನ್ನ ತಲೆಯಲ್ಲಿ ಒಂದು ಯೋಚನೆ ಓಡುತ್ತಿದೆ. ಮುಖಕ್ಕೆ ವಯಸ್ಸಾಗುತ್ತದೆ, ಮಾತಿಗೂ ಆಗುತ್ತದೆ. ಕೂ ಹಾಕುವುದಕ್ಕೆ ಅಷ್ಟು ವಯಸ್ಸಾಗುವುದಿಲ್ಲ. ನಾನು ಇವತ್ತು ಸೀದಾ ಜಗಲಿ ಹತ್ತುವವನಲ್ಲ. ಸಂಜೆ ಅವಳು ಕರೆಯುವ ಹೊತ್ತಿಗೆ ಗದ್ದೆಯ ಆಚೆ ನಿಲ್ಲುತ್ತೇನೆ. ಕರೆದ ಕೂಡಲೇ ಅಲ್ಲಿಂದ ಕೂ ಹಾಕುತ್ತೇನೆ. ಮತ್ತೆ ನಡೆದು ಬರುತ್ತೇನೆ. ಬರುವಷ್ಟರಲ್ಲಿ ಅವಳಿಗೆ ಅದು ನಾನೇ ಎಂದು ಗೊತ್ತಾಗಿರುತ್ತದೆ.

ಆದರೆ ಕೂ ಹಾಕದೆ ವರ್ಷ ಎಷ್ಟೋ ಆಯಿತು. ಗಂಟಲು ಹೇಗುಂಟೋ ನೋಡಬೇಕು. ಎಲ್ಲ ಸಭೆಗಳಲ್ಲಿ ಮೊದಲು ಟೆಸ್ಟ್ ಮಾಡುವವನು ನಾನು, ಇಲ್ಲಿ ಕೊನೆಗೆ ಮಾಡುತ್ತೇನೆ, ಅಧ್ಯಕ್ಷರು ಅನುಮತಿ ಕೊಡಬೇಕು. ಝಕರಿಯಾ, ಮೈಕ್ ಬಂದ್ ಮಾಡು. ಇದು ಮೈಕಿಲ್ಲದೆ ಗದ್ದೆ ದಾಟಬೇಕು. ಅಮ್ಮಂದಿರೇ, ಮಕ್ಕಳ ಕಿವಿ ಮುಚ್ಚಿಕೊಳ್ಳಿ.

ಕೂ... ಊ... ಊ...

ಹಿಂದಿನ ಸಾಲಿನವರಿಗೆ ಕೇಳಿತೇ? ಅಡಿಗೆಯವರು ಹೊರಗೆ ಬಂದು ನೋಡುತ್ತಿದ್ದಾರೆ. ಹಾಗಾದರೆ ಸಾಕು.

ಕರೆದು ಮಾತನಾಡಿಸಿದ ಡಾಕ್ಟರಮ್ಮನಿಗೆ, ಸಹಿಸಿಕೊಂಡ ಅಧ್ಯಕ್ಷರಿಗೆ, ಗುರುತಿಲ್ಲದವನಿಗೂ ಒಂದು ಶಾಲು ಹುಡುಕಿದ ಧನರಾಜರಿಗೆ, ನಿಮಗೆಲ್ಲರಿಗೂ ನಾನು ಋಣಿ. ವೈರುಗಳನ್ನು ಝಕರಿಯಾ ಸುತ್ತಿಕೊಳ್ಳುತ್ತಾನೆ. ನನಗೆ ಊಟ ಬೇಡ. ಸಿದ್ದಕಟ್ಟೆಯ ದಾರಿಯಾಗಿ ಹೋದರೆ ಸಂಜೆಯೊಳಗೆ ಮುಟ್ಟಬಹುದು. ಮನೆಯಿಂದ ಕರೆ ಬಂದಿದೆ, ಹೊರಟೆ.

ನಮಸ್ಕಾರ.